ಎಷ್ಟು ದಿನ, ಎಷ್ಟು ದಿನದಲ್ಲಿ

(ಮಹಾನವಮಿಗೆ ಮುಂಚೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಭಕ್ತರು ಕೂಡಿದ ಸಭೆಯಲ್ಲಿ ಪೂಜ್ಯರು ಅಪ್ಪಣೆ ಕೊಡಿಸಿದ ಪ್ರವಚನದ ಬರಹರೂಪ)



ನಾಡಿದ್ದು ಖಂಡೆಪೂಜೆ. ಟ್ರ್ಯಾಕ್ಟರು, ಜೀಪು, ಕಾರು, ಟಂಟಂ ಎಲ್ಲವನ್ನೂ ತೊಳೆದು ನಿಲ್ಲಿಸಿ, ಚೆಂಡುಹೂವಿನ ಸರ ಏರಿಸಿ, ಗಾಲಿಗೊಂದು ನಿಂಬೆಹಣ್ಣು ಇಡುತ್ತೀರಿ. ಇಂಡಿ ತಾಲೂಕಿನ ನಿಂಬೆಹಣ್ಣಿಗೆ ದೂರದ ಪೇಟೆಗಳಲ್ಲಿ ಬೆಲೆಯಿದೆ. ಬೆಳೆದವರೇ ಅದನ್ನು ಗಾಲಿಯ ಕೆಳಗೆ ಹಾಕಿ ಅರೆಯುತ್ತೀರಿ. ಇರಲಿ, ಅದು ಬೇರೆ ಮಾತು. ಇವತ್ತು ನಾವು ಗಾಡಿಯ ಮೇಲಿನ ಹೂವಿನ ವಿಷಯ ಹೇಳುವುದಿಲ್ಲ. ಬಾನೆಟ್ಟಿನ ಕೆಳಗೆ ಎಣ್ಣೆಯಲ್ಲಿ ತೊಯ್ದು, ಒಡೆಯನ ಕಣ್ಣಿಗೆ ಒಂದು ದಿನವೂ ಬೀಳದೆ, ವರ್ಷಾನುಗಟ್ಟಲೆ ತಿರುಗುವ ಒಂದು ಲೋಹದ ದಂಡದ ವಿಷಯ ಹೇಳುತ್ತೇವೆ. ಅದಕ್ಕೆ ಕ್ಯಾಮ್ ಶಾಫ್ಟ್ ಎಂದು ಹೆಸರು. ಅದು ಸವೆದರೆ ತೆಗೆದು ಬೇರೆಯದನ್ನು ಹಾಕಲಿಕ್ಕೆ ಎಷ್ಟು ಕಾಲ ಬೇಕು ಎಂಬುದೇ ಇಂದಿನ ಪ್ರಶ್ನೆ.

ವ್ಯಾಕರಣ ಓದಿದ ಸ್ವಾಮಿಗಳಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರುವಿರಿ. ಹೊಲದ ಬದುವಿನ ನ್ಯಾಯ, ಅಣ್ಣತಮ್ಮಂದಿರ ಪಾಲಿನ ನ್ಯಾಯ ಮಠದ ಮುಂದೆ ಬರುವಂತೆಯೇ ಈ ದಂಡದ ನ್ಯಾಯವೂ ಬಂದಿತು. ಬಾಡಿಗೆ ಕಾರಿನ ಒಡೆಯನೊಬ್ಬ, ಅವನ ಗಾಡಿ ದುರಸ್ತಿ ಮಾಡಿದ ಮಿಸ್ತ್ರಿಯೊಬ್ಬ. ಇಬ್ಬರೂ ಮಠದ ಭಕ್ತರೇ. ವಸ್ತುವನ್ನು ತಿಳಿಯದೆ ನ್ಯಾಯ ಹೇಳಬಾರದು. ಆದ್ದರಿಂದ ನಾಲ್ಕು ಮಂದಿ ಹಳೆಯ ಮಿಸ್ತ್ರಿಗಳನ್ನು ಕರೆಸಿ, ಬಿಚ್ಚಿದ ಎಂಜಿನ್ನೊಂದನ್ನು ಅಂಗಳದಲ್ಲಿ ಇಡಿಸಿ, ಒಂದೊಂದೇ ಭಾಗವನ್ನು ಕೇಳಿ ತಿಳಿದುಕೊಂಡೆವು. ತಿಳಿದದ್ದನ್ನು ಮೊದಲು ಹೇಳಿ, ಅನಂತರ ನ್ಯಾಯದ ಮಾತಿಗೆ ಬರುತ್ತೇವೆ.

ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತವೆ. ಆ ಆಟದಿಂದ ತಿರುಗುವುದು ಕೆಳಗಿನ ಕ್ರಾಂಕ್ ಶಾಫ್ಟು. ಪಿಸ್ಟನ್ನಿನ ನೆತ್ತಿಯ ಮೇಲೆ ಒಂದು ಕೋಣೆ, ಆ ಕೋಣೆಗೆ ಬಾಗಿಲುಗಳು, ಅವೇ ವಾಲ್ವುಗಳು. ಹೊಸ ಗಾಳಿ ಬರಲಿಕ್ಕೆ ಒಂದು ಬಾಗಿಲು, ಉರಿದ ಹೊಗೆ ಹೋಗಲಿಕ್ಕೆ ಇನ್ನೊಂದು. ಅವನ್ನು ಹೊತ್ತಿಗೆ ಸರಿಯಾಗಿ ತೆರೆಯುವ ದ್ವಾರಪಾಲಕನೇ ಈ ಕ್ಯಾಮ್ ಶಾಫ್ಟು. ಅದರ ಮೈಮೇಲೆ ಅಲ್ಲಲ್ಲಿ ತತ್ತಿಯ ಆಕಾರದ ಉಬ್ಬುಗಳಿವೆ. ದಂಡ ತಿರುಗಿದಂತೆ ಉಬ್ಬು ಬಂದು ಬಾಗಿಲನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ಉಬ್ಬು ಸರಿದುಹೋದ ಕೂಡಲೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಗಾಳಿಯನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆಯನ್ನು ಬಿಡುವುದು ಎಂಬ ನಾಲ್ಕು ನಡೆಗಳು ಮುಗಿಯುವಷ್ಟರಲ್ಲಿ ಕ್ರಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದೇ ಸುತ್ತು. ಅದಕ್ಕಾಗಿಯೇ ಕ್ಯಾಮಿನ ಚಕ್ರಕ್ಕೆ ಕ್ರಾಂಕಿನ ಚಕ್ರದ ಇಮ್ಮಡಿ ಹಲ್ಲು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ದಂಡ 1500 ಸುತ್ತು ತಿರುಗುತ್ತದೆ; ಎಂದರೆ ಪ್ರತಿಯೊಂದು ಬಾಗಿಲೂ ಸೆಕೆಂಡಿಗೆ 25 ಸಾರಿ ತೆರೆದು ಮುಚ್ಚಬೇಕು.

ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ತಾಯಿಯ ಕೈಯನ್ನು ನೀವೆಲ್ಲ ಕಂಡವರು. ಎತ್ತಿನ ನಡಿಗೆಗೆ ತಕ್ಕಂತೆ ಬೆರಳು ಸಡಿಲಬೇಕು. ಎತ್ತು ಮುಂದೆ ಹೋಗಿ ಬೆರಳು ಹಿಂದೆ ಉಳಿದರೆ ಅಷ್ಟು ದೂರ ಸಾಲು ಖಾಲಿ. ಬಿತ್ತುವಾಗ ಅದು ತೋರುವುದಿಲ್ಲ, ಎಂಟು ದಿನದ ಮೇಲೆ ಮೊಳಕೆ ಬಂದಾಗ ತೋರುತ್ತದೆ. ಎಂಜಿನ್ನಿನಲ್ಲಿ ಅಷ್ಟು ಕಾಯಬೇಕಾಗಿಲ್ಲ. ಕ್ಯಾಮಿನ ಚಕ್ರ ಒಂದು ಹಲ್ಲು ತಪ್ಪಿ ಕೂತರೂ ಸಾಕು, ಗಾಡಿಯ ಬಲ ಇಳಿಯುತ್ತದೆ. ಹೆಚ್ಚು ತಪ್ಪಿದರೆ, ಅನೇಕ ಎಂಜಿನ್ನುಗಳಲ್ಲಿ, ತೆರೆದ ವಾಲ್ವಿಗೆ ಮೇಲೆ ಬರುವ ಪಿಸ್ಟನ್ನು ಬಡಿದು ವಾಲ್ವು ಬಾಗಿಹೋಗುತ್ತದೆ. ಇಂಥ ಉಬ್ಬುದಂಡದ ಯುಕ್ತಿ ಹೊಸದೇನಲ್ಲ. 1206ರಲ್ಲಿ ಅಲ್ ಜಜರಿ ಎಂಬ ಅರಬ್ಬೀ ಯಂತ್ರಕುಶಲಿ ತನ್ನ ಗ್ರಂಥದಲ್ಲಿ ನೀರಿನ ಬಲದಿಂದ ನಡೆಯುವ ಯಂತ್ರಗಳಿಗೆ ಇದನ್ನು ಬಳಸುವ ರೀತಿಯನ್ನು ಬರೆದಿಟ್ಟಿದ್ದಾನೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಶತಮಾನ ಮುಗಿದು ಆಗ ಕೆಲವೇ ವರ್ಷಗಳು ಆಗಿದ್ದವು.

ಈಗ ಕಾಲದ ಮಾತು. ನೀವು ಗ್ಯಾರೇಜಿಗೆ ಹೋಗಿ, "ಎಷ್ಟು ದಿನ ಹಿಡಿತದ?" ಎಂದು ಕೇಳುತ್ತೀರಿ. ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಪಾಣಿನಿಯು ಕಾಲವನ್ನು ಹೇಳುವ ಶಬ್ದಗಳಿಗೆ ವಿಭಕ್ತಿಯನ್ನು ವಿಧಿಸುವಲ್ಲಿ ಇದನ್ನೇ ಬಿಡಿಸಿ ಇಟ್ಟಿದ್ದಾನೆ. ಇಷ್ಟು ದಿನದುದ್ದಕ್ಕೂ ಕೆಲಸ ನಡೆಯಿತು ಎಂದಷ್ಟೇ ಹೇಳಬೇಕಾದರೆ ದ್ವಿತೀಯಾ ವಿಭಕ್ತಿ. ಇಷ್ಟು ದಿನದಲ್ಲಿ ಕೆಲಸವು ಫಲ ಮುಟ್ಟಿ ಮುಗಿಯಿತು ಎಂದು ಹೇಳಬೇಕಾದರೆ ತೃತೀಯಾ ವಿಭಕ್ತಿ. ದಿನದ್ವಯಂ ಎಂದರೆ ಎರಡು ದಿನ ಮಾಡಿದ, ಆಯಿತೋ ಇಲ್ಲವೋ ಗೊತ್ತಿಲ್ಲ. ದಿನದ್ವಯೇನ ಎಂದರೆ ಎರಡು ದಿನದಲ್ಲಿ ಮಾಡಿ ಮುಗಿಸಿದ. ನಮ್ಮ ಕನ್ನಡದಲ್ಲಿಯೂ ಹಾಗೆಯೇ ಅಲ್ಲವೆ? "ಹುಡುಗ ಒಂದು ತಿಂಗಳು ಓದಿದ" ಎಂದರೆ ತಾಯಿಗೆ ಸಮಾಧಾನವಿಲ್ಲ. "ಒಂದು ತಿಂಗಳಲ್ಲಿ ಓದಿ ಮುಗಿಸಿದ" ಎಂದರೆ ಸಮಾಧಾನ. ಹೀಗೆ ಫಲ ಮುಟ್ಟಿ ಮುಗಿಯುವುದಕ್ಕೆ ವೈಯಾಕರಣರು ಇಟ್ಟ ಹೆಸರು ಅಪವರ್ಗ. ಅದೇ ಶಬ್ದವನ್ನು ದಾರ್ಶನಿಕರು ಮೋಕ್ಷಕ್ಕೆ ಬಳಸುತ್ತಾರೆ. ಕೆಲಸ ಮುಗಿಯುವುದಕ್ಕೂ ಬಿಡುಗಡೆಗೂ ಒಂದೇ ಶಬ್ದ ಸಾಕಾಯಿತೆಂಬುದು ನಮಗೆ ವಿದ್ಯಾರ್ಥಿದೆಸೆಯಲ್ಲಿ ಬಹಳ ಸೋಜಿಗವಾಗಿತ್ತು. ಎಣ್ಣೆಗೈಯ ಮಿಸ್ತ್ರಿಗಳನ್ನು ನೋಡಿದ ಮೇಲೆ ಸೋಜಿಗವೆನಿಸಲಿಲ್ಲ.

ಕೈಯ ಕೆಲಸಕ್ಕೆ ಹಿಡಿಯುವ ಹೊತ್ತು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಹಿರಿಯರಿಗೆ ಅಂಬಾಸಡರ್ ಕಾರು ನೆನಪಿರಬೇಕು. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಆ ಗಾಡಿ 2014ರಲ್ಲಿ ನಿಂತುಹೋಯಿತು. ಅದರ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ಮೇಲೆ ಇರಲಿಲ್ಲ, ಕೆಳಗೆ ಬ್ಲಾಕಿನ ಹೊಟ್ಟೆಯಲ್ಲಿತ್ತು. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಕ್ಕೆ ಹೋಗಿ ವಾಲ್ವುಗಳನ್ನು ಆಡಿಸುತ್ತಿದ್ದವು. ಅದನ್ನು ಹೊರಗೆ ತೆಗೆಯಬೇಕಾದರೆ ಮೊದಲು ರೇಡಿಯೇಟರು, ಫ್ಯಾನು, ಮುಂದಿನ ಮುಚ್ಚಳ, ಚೈನು, ಮೇಲಿನ ರಾಕರುಗಳು, ಕಡ್ಡಿಗಳು, ಟಾಪೆಟ್ಟುಗಳು, ಡಿಸ್ಟ್ರಿಬ್ಯೂಟರಿನ ಹಲ್ಲು. ಇಷ್ಟೆಲ್ಲ ಆದ ಮೇಲೆ ಹಸುವಿನ ಹೊಟ್ಟೆಯಿಂದ ಕರು ಎಳೆಯುವಂತೆ ನಿಧಾನವಾಗಿ ಮುಂದಕ್ಕೆ ಎಳೆಯಬೇಕು. ಉಬ್ಬು ಒಳಗಿನ ಬೇರಿಂಗಿಗೆ ತಾಗಿ ಗೀರು ಬಿದ್ದರೆ ಇನ್ನೊಂದು ಕೆಲಸ. ದಂಡದ ಉದ್ದದಷ್ಟು ಜಾಗ ಮುಂದೆ ಇರಬೇಕು. ಜಾಗವಿಲ್ಲದ ಗಾಡಿಗಳಲ್ಲಿ ಎಂಜಿನ್ನನ್ನೇ ಇಳಿಸಬೇಕು. ಸಾಮಾನು ಕೈಯಲ್ಲಿದ್ದರೂ ಒಳ್ಳೆಯ ಮಿಸ್ತ್ರಿಗೆ ಇದು ಎರಡು ದಿನದ ಕೆಲಸ.

ಮುಂದೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ಹೆಡ್ಡಿನ ಮೇಲೆಯೇ ಇತ್ತು, ರಬ್ಬರಿನ ಹಲ್ಲುಪಟ್ಟಿ ಅದನ್ನು ತಿರುಗಿಸುತ್ತಿತ್ತು. ಈಚಿನ ಬಹಳಷ್ಟು ಕಾರುಗಳಲ್ಲಿ ಎರಡು ದಂಡಗಳಿವೆ. ಒಂದು ಗಾಳಿಯ ಬಾಗಿಲುಗಳಿಗೆ, ಒಂದು ಹೊಗೆಯ ಬಾಗಿಲುಗಳಿಗೆ. ದಂಡಗಳು ಎರಡಾದರೂ ಮೇಲೆ ಇರುವುದರಿಂದ ಕೈಗೆ ಸಿಗುತ್ತವೆ. ಸಾಮಾನು ಮುಂದಿದ್ದರೆ, ಅಭ್ಯಾಸವಿದ್ದವನಿಗೆ ನಾಲ್ಕರಿಂದ ಎಂಟು ತಾಸು.

ನಾಲ್ಕು ತಾಸು ಎಂದ ಕೂಡಲೆ ಅದು ಸುಲಭವೆಂದು ತಿಳಿಯಬೇಡಿರಿ. ದಂಡವನ್ನು ಒತ್ತಿಹಿಡಿದ ಟೋಪಿಗಳನ್ನು ಒಮ್ಮೆಲೆ ಬಿಚ್ಚುವಂತಿಲ್ಲ. ವಾಲ್ವಿನ ಸ್ಪ್ರಿಂಗುಗಳು ಕೆಳಗಿನಿಂದ ನೂಕುತ್ತಿರುತ್ತವೆ. ಒಂದು ಕಡೆ ಪೂರಾ ಸಡಿಲಿಸಿ ಇನ್ನೊಂದು ಕಡೆ ಬಿಗಿಯಾಗಿಟ್ಟರೆ ದಂಡವೇ ಮುರಿದೀತು. ಎಲ್ಲ ಬೋಲ್ಟುಗಳನ್ನೂ ಕಾಲು ಸುತ್ತು, ಅರ್ಧ ಸುತ್ತು, ಹೇಳಿದ ಕ್ರಮದಲ್ಲಿ ಸಡಿಲಿಸುತ್ತ ಬರಬೇಕು. ಟೋಪಿಗಳ ಮೇಲೆ ಅಂಕಿ ಕೆತ್ತಿರುತ್ತಾರೆ, ಬಾಣ ಕೆತ್ತಿರುತ್ತಾರೆ. ಎಲ್ಲವೂ ನೋಡಲಿಕ್ಕೆ ಒಂದೇ ತರಹ. ಆದರೆ ಒಂದರ ಜಾಗಕ್ಕೆ ಇನ್ನೊಂದು ಸಲ್ಲುವುದಿಲ್ಲ, ಏಕೆಂದರೆ ಹೆಡ್ಡಿನ ಜೊತೆಗೇ ಕೂಡಿಸಿ ಅವನ್ನು ಕೊರೆದಿರುತ್ತಾರೆ. ಅನಂತರ ಗುರುತುಗಳನ್ನು ಕೂಡಿಸಬೇಕು, ಚೈನು ಏರಿಸಬೇಕು, ಬಿಗಿಯನ್ನು ಅಳೆಯುವ ಟಾರ್ಕ್ ಪಾನಾದಿಂದ ಬೋಲ್ಟು ಬಿಗಿಯಬೇಕು. ಸ್ಟಾರ್ಟ್ ಮಾಡುವ ಮೊದಲು ಕ್ರಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆಯದೆ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದವೋ ಇಲ್ಲವೋ ನೋಡಬೇಕು. ಅಂಗಳಕ್ಕೆ ಬಂದಿದ್ದ ಮಿಸ್ತ್ರಿಗಳಲ್ಲಿ ಒಬ್ಬ ಹಿರಿಯ ಹೇಳಿದ: "ಅಪ್ಪಾರ, ಈ ಎರಡು ಸುತ್ತಿಗೆ ಐದು ಮಿನಿಟು ಸಾಕ್ರಿ. ಅಷ್ಟು ತಾಳ್ಮಿ ಇಲ್ಲದವ್ರು ಎಂಜಿನ್ ಕೆಡಸ್ತಾರ್ರಿ."

ಈಗ ನ್ಯಾಯದ ಮಾತು ಕೇಳಿರಿ. ಬಾಡಿಗೆ ಕಾರಿನವನ ದೂರು ಏನೆಂದರೆ, ಮಿಸ್ತ್ರಿ "ನಾಳಿ ಸಂಜೀಕೆ ಕೊಡ್ತೀನಿ" ಎಂದಿದ್ದ. ಕೊಟ್ಟದ್ದು ಆರನೆಯ ದಿನ ರಾತ್ರಿ. ನಡುವೆ ಒಂದು ಲಗ್ನದ ಬಾಡಿಗೆ ಕೈಬಿಟ್ಟಿತು. ಗಾಡಿಯ ಮೇಲಿನ ಸಾಲದ ಕಂತು ಹತ್ತಿರ ಬಂದಿತ್ತು. ದೊಡ್ಡ ಊರಿನಲ್ಲಿ ಅವನ ಬೀಗರ ಕಾರಿಗೆ ಇದೇ ಕೆಲಸ ಒಂದೇ ದಿನದಲ್ಲಿ ಆಗಿತ್ತಂತೆ. ಆದ್ದರಿಂದ ಒಂದು ದಿನದ ಕೂಲಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ಅವನ ಹಟ. ಮಿಸ್ತ್ರಿ ಆರು ದಿನದ್ದು ಕೇಳಿದ. ಮಾತಿಗೆ ಮಾತು ಬೆಳೆದು, ಹದಿನೈದು ವರ್ಷದ ಸ್ನೇಹ ಮುರಿದು, ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಹೋಗುವುದನ್ನು ಬಿಟ್ಟಿದ್ದರು.

ನಾವು ಮಿಸ್ತ್ರಿಗೆ, ಆರು ದಿನದ ಲೆಕ್ಕವನ್ನು ತಾಸು ತಾಸಾಗಿ ಹೇಳು ಎಂದೆವು. ಮೊದಲನೆಯ ದಿನ ಬಿಚ್ಚಿ ನೋಡಿದ್ದು, ಎರಡೂವರೆ ತಾಸು. ಹೊಗೆಯ ಕಡೆಯ ದಂಡದಲ್ಲಿ ಎರಡು ಉಬ್ಬುಗಳು ಇಲಿ ಕಡಿದಂತೆ ಸವೆದಿದ್ದವು. ಫೋನಿನಲ್ಲಿ ಸಾಮಾನು ಹೇಳಿದ. ಎರಡನೆಯ ದಿನ ಬರಿದೇ ಕಾದ. ಮೂರನೆಯ ದಿನ ಬಸ್ಸಿನಲ್ಲಿ ಬಂದ ಡಬ್ಬಿ ಬಿಚ್ಚಿದರೆ ಬೇರೆ ಮಾದರಿಯ ದಂಡ. ಚಾಸಿ ನಂಬರು ಕೊಡು ಎಂದು ಮಿಸ್ತ್ರಿ ಕೇಳಿದ್ದ. ಗಾಡಿಯವನು, "ಅದೇ ಕಾರು, ಎಲ್ಲಾ ಒಂದೇ" ಎಂದು ಹೇಳಿ ಸುಮ್ಮನಾಗಿದ್ದ. ಡಬ್ಬಿ ಮರಳಿ ಹೋಯಿತು. ನಾಲ್ಕನೆಯ ದಿನ ಮಿಸ್ತ್ರಿ ಕೈಕಟ್ಟಿ ಕೂಡಲಾರದೆ ಕೆಳಗಿನ ಆಯಿಲ್ ಚೇಂಬರು ಇಳಿಸಿದ. ಎಣ್ಣೆ ಹೀರುವ ಜಾಳಿಗೆಯ ತುಂಬ ಕಪ್ಪು ರಾಡಿ. ಅದನ್ನೂ ಎಣ್ಣೆಯ ದಾರಿಗಳನ್ನೂ ತೊಳೆದದ್ದು ನಾಲ್ಕು ತಾಸು. ಐದನೆಯ ದಿನ ಸರಿಯಾದ ದಂಡ ಬಂದಿತು. ಕೂಡಿಸಿದ್ದು ಮೂರೂವರೆ ತಾಸು. ಫಿಲ್ಲರ್ ಗೇಜು ಇಟ್ಟು ಉಬ್ಬಿಗೂ ಟಾಪೆಟ್ಟಿಗೂ ನಡುವಿನ ಸಂದು ಅಳೆದರೆ ಎರಡು ಕಡೆ ಹೊಂದಲಿಲ್ಲ. ಆ ಸಂದು ಎಷ್ಟಿರುತ್ತದೆ ಬಲ್ಲಿರಾ? ಮಿಲಿಮೀಟರಿನ ಎರಡು ಮೂರು ದಶಾಂಶ. ಬೇರೆ ದಪ್ಪದ ಎರಡು ಟಾಪೆಟ್ಟು ಬೇಕಾದವು. ಅವು ಬಂದದ್ದು ಆರನೆಯ ದಿನ. ಹಾಕಿ, ಮತ್ತೆ ಅಳೆದು, ನಡೆಸಿ ನೋಡಿದ್ದು ಎರಡು ತಾಸು.

ಕೂಡಿಸಿದರೆ ಕೈಯ ಕೆಲಸ 12 ತಾಸು. ಉಳಿದದ್ದೆಲ್ಲ ದಾರಿಯ ಕಾಲ, ಕಾಯುವ ಕಾಲ. ಬೀಗರ ಊರಿನಲ್ಲಿ ಅಂಗಡಿಯ ಹಿಂದೆಯೇ ಉಗ್ರಾಣವಿದ್ದಿರಬೇಕು. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರು. ಬಾಗೇವಾಡಿಯಿಂದ ಅದರ ಅರ್ಧದಷ್ಟು. ಇಂಡಿಯವರು ವಿಜಯಪುರದಲ್ಲಿ ಸಿಗದಿದ್ದರೆ ಸೊಲ್ಲಾಪುರಕ್ಕೆ ಹೇಳಿಕಳಿಸುತ್ತಾರೆ. ಪಾನಾ ಅದೇ, ಕೈ ಅದೇ, ಎಂಜಿನ್ನು ಅದೇ. ಊರು ಬೇರೆಯಾದರೆ ದಿನ ಬೇರೆ. ದಾರಿಯ ದೂರವನ್ನು ಮಿಸ್ತ್ರಿಯ ಸೋಮಾರಿತನದ ಲೆಕ್ಕಕ್ಕೆ ಬರೆಯಬಾರದು. ಹಾಗೆಯೇ ಕಾದು ಕೂತ ದಿನಕ್ಕೆ ಪಾನಾ ಹಿಡಿದ ದಿನದ ಕೂಲಿಯನ್ನು ಮಿಸ್ತ್ರಿಯೂ ಕೇಳಬಾರದು.

ಇಲ್ಲಿ ಇನ್ನೊಂದು ವಿಚಾರವಿದೆ. "ನಾ ಹೇಳಿದ್ದು ಕ್ಯಾಮ್ ಶಾಫ್ಟ್ ಹಾಕಾಕ. ಚೇಂಬರ್ ತೊಳಿಯಾಕ ಯಾರು ಹೇಳಿದ್ರು?" ಎಂದು ಗಾಡಿಯವನು ಆ ನಾಲ್ಕು ತಾಸಿನ ಕೂಲಿಗೆ ಒಪ್ಪಲಿಲ್ಲ. ಆಗ ನಾವು ಅವನನ್ನು ಒಂದೇ ಮಾತು ಕೇಳಿದೆವು: ಎಣ್ಣೆ ಬದಲಿಸಿ ಎಷ್ಟು ಕಿಲೋಮೀಟರು ಆಗಿತ್ತು? ಅವನು ತಲೆ ತಗ್ಗಿಸಿದ. ಕಡಿಮೆಯಾದಾಗ ಮೇಲೆ ಸುರಿಯುವುದು, ಹಳೆಯದನ್ನು ಬಿಡದಿರುವುದು, ಇದೇ ನಡೆದಿತ್ತು. ನಮ್ಮ ಎರೆಮಣ್ಣಿನ ನಾಡಿನ ಧೂಳು ಬೇರೆ. ಗಾಳಿಯ ಫಿಲ್ಟರನ್ನು ಬಡಿದು ಬಡಿದು ಮತ್ತೆ ಅದನ್ನೇ ಹಾಕುವುದು ಬೇರೆ. ಎಣ್ಣೆ ರಾಡಿಯಾಗಿ ಜಾಳಿಗೆ ಕಟ್ಟಿತು. ಮೇಲಿನ ದಂಡಕ್ಕೆ ಎಣ್ಣೆ ಏರಲಿಲ್ಲ. ಲೋಹಕ್ಕೆ ಲೋಹ ತಿಕ್ಕಿ ಉಬ್ಬು ಸವೆಯಿತು. ಜಾಳಿಗೆ ತೊಳೆಯದೆ ಹೊಸ ದಂಡ ಹಾಕಿದ್ದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತಿತ್ತು.

ಸಂಸ್ಕೃತದಲ್ಲಿ ನಿದಾನ ಎಂದರೆ ಮೂಲಕಾರಣ. ವೈದ್ಯರು ರೋಗದ ಕಾರಣ ಹುಡುಕುವುದಕ್ಕೆ ಆ ಶಬ್ದವನ್ನು ಬಳಸುತ್ತಾರೆ. ಕನ್ನಡದಲ್ಲಿ ನಿಧಾನ ಎಂದರೆ ಸಾವಕಾಶ. ದಕಾರಕ್ಕೂ ಧಕಾರಕ್ಕೂ ಮಹಾಪ್ರಾಣವೊಂದೇ ಅಂತರ. ನಮ್ಮ ಗಾಡಿಯವನು ಮಿಸ್ತ್ರಿಯ ನಿಧಾನವನ್ನು ಕಂಡ, ಅದರೊಳಗಿದ್ದ ನಿದಾನವನ್ನು ಕಾಣಲಿಲ್ಲ. ಆ ನಾಲ್ಕು ತಾಸಿನ ಕೂಲಿ ಕೊಡತಕ್ಕದ್ದೇ ಎಂದು ಹೇಳಿದೆವು. ಎರಡೂ ಕಡೆಯ ಹಿರಿಯರು ಒಪ್ಪಿದರು.

ಇನ್ನು ಮಿಸ್ತ್ರಿಯ ಕಡೆ. ಅವನನ್ನೂ ಬಿಡಲಿಲ್ಲ. ಬಿಚ್ಚಿ ನೋಡುವ ಮೊದಲೇ "ನಾಳಿ ಸಂಜೀಕೆ" ಎಂಬ ಮಾತು ನಿನ್ನ ಬಾಯಲ್ಲಿ ಏಕೆ ಬಂದಿತು ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಪ್ಪಾರ, ಐದಾರು ದಿನ ಅಂದ್ರ ಗಾಡಿ ಬ್ಯಾರೆ ಗ್ಯಾರೇಜಿಗಿ ಹೋಗ್ತದ್ರಿ. ಅಲ್ಲಿಯವ ನಾಳಿ ಅಂತಾನ. ನಾಳಿ ಅಂದವಗ ಕೆಲಸ, ಖರೇ ಅಂದವಗ ಖಾಲಿ ಕೈ. ಬಿಚ್ಚಿದ ಮ್ಯಾಲೆ ಗಾಡಿ ಎಲ್ಲಿ ಹೋಗ್ತದ್ರಿ?"

ಸಭೆಯಲ್ಲಿದ್ದವರು ನಕ್ಕರು. ನಮಗೆ ನಗೆ ಬರಲಿಲ್ಲ. ಆ ಮನುಷ್ಯ ಕೈಯಲ್ಲಿ ಸುಳ್ಳು ಆಡುವವನಲ್ಲ. ಮಿಲಿಮೀಟರಿನ ದಶಾಂಶಕ್ಕೆ ಒಂದು ದಿನ ಕಾದವನು, ಹೇಳದಿದ್ದರೂ ಜಾಳಿಗೆ ತೊಳೆದವನು. ಕೈಯಲ್ಲಿ ಇಷ್ಟು ಸತ್ಯವುಳ್ಳವನ ನಾಲಗೆಗೆ ಸುಳ್ಳನ್ನು ಕಲಿಸಿದವರು ಯಾರು? ಗಾಡಿಯ ಒಡೆಯರೆ, ನೀವೇ ವಿಚಾರ ಮಾಡಿರಿ. ಮೂರು ಗ್ಯಾರೇಜು ತಿರುಗಿ, ಎಲ್ಲರಿಗಿಂತ ಕಡಿಮೆ ದಿನ ಹೇಳಿದವನಿಗೆ ಗಾಡಿ ಕೊಡುತ್ತೀರಿ. ಕಡಿಮೆ ಹಣಕ್ಕಲ್ಲ, ಕಡಿಮೆ ದಿನಕ್ಕೆ. ಲಗ್ನದ ಬಾಡಿಗೆ ಹೋದದ್ದು ಆರು ದಿನದಿಂದಲ್ಲ. ಆ ಒಂದು ಮಾತಿನಿಂದ. ಐದಾರು ದಿನ ಎಂದು ಮೊದಲೇ ತಿಳಿದಿದ್ದರೆ ಅವನು ಬೇರೆಯವರ ಗಾಡಿ ಗೊತ್ತು ಮಾಡಿ ಬಾಡಿಗೆ ಉಳಿಸಿಕೊಳ್ಳುತ್ತಿದ್ದ. ಇದನ್ನು ಹೇಳಿದ ಮೇಲೆ ಮಿಸ್ತ್ರಿ ತಾನಾಗಿಯೇ ಎರಡು ತಾಸಿನ ಕೂಲಿ ಬಿಟ್ಟ. ನಾವು ಬಿಡು ಎನ್ನಲಿಲ್ಲ. ಹತ್ತು ತಾಸಿನ ಕೂಲಿ, ಸಾಮಾನಿನ ಬೆಲೆ, ಡಬ್ಬಿ ಮರಳಿಸಿದ ಖರ್ಚು ಗಾಡಿಯವನದು ಎಂದು ಮುಗಿಯಿತು. ಇಬ್ಬರೂ ಅಂದು ಒಂದೇ ಪಂಕ್ತಿಯಲ್ಲಿ ಪ್ರಸಾದ ತೆಗೆದುಕೊಂಡರು.

ಇಲ್ಲಿ ಕೂತಿರುವ ಗ್ಯಾರೇಜಿನವರಿಗೆ ನಮ್ಮದೊಂದು ಸೂಚನೆ. ಮೊದಲ ದಿನ ದಿನ ಹೇಳಬೇಡಿರಿ. ಬಿಚ್ಚಿ ನೋಡಲಿಕ್ಕೆ ಇಷ್ಟು ತಾಸು ಎಂದಷ್ಟೇ ಹೇಳಿರಿ. ನೋಡಿದ ಮೇಲೆ, ಕೈಯ ಕೆಲಸ ಇಷ್ಟು, ಸಾಮಾನು ಬರಲಿಕ್ಕೆ ಇಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ಒಂದು ಚೀಟಿಯಲ್ಲಿ ಬರೆದುಕೊಡಿರಿ. ಗಾಡಿಯವರು ಮೊದಲ ದಿನವೇ ಚಾಸಿ ನಂಬರು ಕೊಡಿರಿ. ಇನ್ನು, ಸವೆದ ಹಳೆಯ ದಂಡವನ್ನೇ ತಿಕ್ಕಿಸಿ ಹಾಕುತ್ತೇವೆ, ಹಣ ಉಳಿಯುತ್ತದೆ ಎನ್ನುವವರಿದ್ದಾರೆ. ಉಬ್ಬಿನ ಮೇಲ್ಮೈಯನ್ನು ಗಟ್ಟಿ ಮಾಡಿರುತ್ತಾರೆ. ತಿಕ್ಕುವಾಗ ಆ ಪದರು ಹೋದರೆ ಒಳಗಿನ ಲೋಹ ಬೇಗ ಸವೆಯುತ್ತದೆ. ಎಲ್ಲಿ, ಯಾರು, ಹೇಗೆ ತಿಕ್ಕುತ್ತಾರೆಂಬುದನ್ನು ಕೇಳಿಕೊಳ್ಳಿರಿ.

ಹಳೆಯ ಮಾದರಿಯ ಎಂಜಿನ್ನು ಇಟ್ಟುಕೊಂಡವರಿಗೆ ಒಂದು ಮಾತು ಉಳಿದಿದೆ. ಟಾಪೆಟ್ಟಿನ ಮುಖ ಚಪ್ಪಟೆಯಾಗಿ ಉಬ್ಬಿನ ಮೇಲೆ ಜಾರುವಂಥ ಆ ಎಂಜಿನ್ನುಗಳಲ್ಲಿ, ಹೊಸ ದಂಡಕ್ಕೆ ಹಳೆಯ ಟಾಪೆಟ್ಟು ಕೂಡಿಸಬಾರದು. ಸ್ಟಾರ್ಟ್ ಆದ ಕೂಡಲೆ ಮೆಲ್ಲಗೆ ಗುರುಗುಟ್ಟುತ್ತ ಬಿಡಲೂಬಾರದು. ಸುಮಾರು 2000 ಸುತ್ತಿನ ವೇಗದಲ್ಲಿ ಇಪ್ಪತ್ತು ನಿಮಿಷದಷ್ಟು ಹೊತ್ತು ನಡೆಸಬೇಕು. ಆಗಲೇ ಕೆಳಗಿನ ಎಣ್ಣೆ ಸಾಕಷ್ಟು ಚಿಮ್ಮಿ ಉಬ್ಬುಗಳಿಗೆ ತಾಗುತ್ತದೆ, ಎರಡು ಮೈಗಳೂ ಒಂದಕ್ಕೊಂದು ಪಳಗುತ್ತವೆ. ಆ ಇಪ್ಪತ್ತು ನಿಮಿಷ ಸದ್ದು ಜೋರಾಗಿರುತ್ತದೆ, ಡೀಸೆಲ್ಲು ಪೆಟ್ರೋಲು ಸುಮ್ಮನೆ ಉರಿಯುತ್ತಿದೆ ಎಂದು ಒಡೆಯನ ಹೊಟ್ಟೆಯೂ ಉರಿಯುತ್ತದೆ. "ಬಂದ್ ಮಾಡೋ" ಎಂದು ಕೂಗಬೇಡಿರಿ. ಸ್ವಲ್ಪ ದಿನ ಓಡಿದ ಮೇಲೆ ಮಿಸ್ತ್ರಿ ಹೇಳಿದ ಕಿಲೋಮೀಟರಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಿಸಿರಿ.

ನಾಳೆ ಇದೇ ಹೊತ್ತಿಗೆ ಟ್ರ್ಯಾಕ್ಟರಿನವರ ಸಭೆಯಿದೆ. ಈಗ ಪ್ರಸಾದಕ್ಕೆ ಏಳಿರಿ. ಮುದ್ದೇಬಿಹಾಳದ ಕಡೆಯಿಂದ ಬಂದವರು ಮೊದಲ ಪಂಕ್ತಿಗೆ ಕೂಡಿರಿ, ನಿಮ್ಮ ದಾರಿ ದೂರ.